ಸೂರ್ಯನ ನಿಧಾನ, ‘ಕೃತಕ ಸೂರ್ಯ’ನ ಅವಸರ

2025ರ ಜನವರಿಯಲ್ಲಿ ಚೀನಾದ ಹೆಫೆ ನಗರದಲ್ಲಿರುವ ‘ಈಸ್ಟ್’ ಎಂಬ ಟೋಕಮಾಕ್ ಯಂತ್ರವು (ಕಾಂತಕ್ಷೇತ್ರದ ಬಲೆಯಿರುವ ಉಂಗುರಾಕಾರದ ಯಂತ್ರ) ಅತ್ಯುಷ್ಣ ಪ್ಲಾಸ್ಮಾವನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳ ಅನಿಲವನ್ನು, 1,066 ಸೆಕೆಂಡುಗಳ ಕಾಲ ಹಿಡಿದಿಟ್ಟಿತು. ಮರು ತಿಂಗಳೇ ಫ್ರಾನ್ಸಿನ ‘ವೆಸ್ಟ್’ ಯಂತ್ರವು 1,337 ಸೆಕೆಂಡು ಹಿಡಿದು ಆ ದಾಖಲೆಯನ್ನು ಮೀರಿಸಿತು. ‘ಕೃತಕ ಸೂರ್ಯ’ ಸಿದ್ಧವಾಗುತ್ತಿದ್ದಾನೆ, ಇನ್ನು ವಿದ್ಯುತ್ತಿನ ಬರವೇ ಇರದು ಎಂಬ ಧಾಟಿಯಲ್ಲಿ ಇಂಥ ಸುದ್ದಿಗಳು ನಮ್ಮನ್ನು ತಲುಪುತ್ತವೆ. ಸೂರ್ಯನೊಳಗೆ ನಡೆಯುವುದನ್ನೇ ಈ ಯಂತ್ರಗಳು ನೆಲದ ಮೇಲೆ ನಡೆಸುತ್ತಿವೆ ಎಂದು ಓದುಗರು ಭಾವಿಸಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಸೂರ್ಯನು ಶಕ್ತಿಯನ್ನು ಉತ್ಪಾದಿಸುವ ಬಗೆಯೇ ಬೇರೆ, ಈ ಯಂತ್ರಗಳು ಹಿಡಿದಿರುವ ದಾರಿಯೇ ಬೇರೆ. ಆ ವ್ಯತ್ಯಾಸವನ್ನು ತಿಳಿಯದೆ ಬೈಜಿಕ ಸಮ್ಮಿಲನದ, ಅಂದರೆ ಹಗುರ ಪರಮಾಣುಗಳ ನಡುವಿನ ಬೀಜಕಣಗಳು ಕೂಡಿ ಶಕ್ತಿ ಹೊರಸೂಸುವ ಕ್ರಿಯೆಯ, ಭವಿಷ್ಯದ ಬಗ್ಗೆ ಆಡುವ ಮಾತಿಗೆ ಆಧಾರವಿರುವುದಿಲ್ಲ. ಇದನ್ನು ತಿಳಿಯಲು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳವರಿಗೆ ಬೇಕಾದ ಸಾಕ್ಷ್ಯಗಳಲ್ಲಿ ಹಲವು ಅವರ ಸುತ್ತಮುತ್ತಲೇ ಇವೆ.

ಮೊದಲ ಸಾಕ್ಷ್ಯ ಕೋಲಾರದ ಬಂಡೆಯದು. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಿಗೆ ಸೂರ್ಯನ ಶಾಖ ಎಲ್ಲಿಂದ ಬರುತ್ತದೆಂಬುದು ಬಿಡಿಸಲಾಗದ ಒಗಟಾಗಿತ್ತು. ಇಡೀ ಸೂರ್ಯ ಕಲ್ಲಿದ್ದಲಿನ ಉಂಡೆಯಾಗಿದ್ದಿದ್ದರೆ ಕೆಲವೇ ಸಾವಿರ ವರ್ಷಗಳಲ್ಲಿ ಉರಿದು ಮುಗಿಯುತ್ತಿತ್ತು. ಹಾಗಾಗಿ ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್, ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತಿದ್ದಾನೆ, ಆ ಕುಗ್ಗುವಿಕೆಯಿಂದಲೇ ಶಾಖ ಹುಟ್ಟುತ್ತಿದೆ ಎಂದು ಲೆಕ್ಕ ಹಾಕಿದರು. ಲೆಕ್ಕದಲ್ಲಿ ದೋಷವಿರಲಿಲ್ಲ, ಆದರೆ ಅದರಿಂದ ದೊರೆತದ್ದು ಎರಡು ಮೂರು ಕೋಟಿ ವರ್ಷಗಳ ಆಯುಸ್ಸು ಮಾತ್ರ. ಕೋಲಾರದ ಚಿನ್ನದ ಗಣಿಗಳನ್ನು ಹೊತ್ತ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ ಎಂಬುದನ್ನು ನಂತರದ ವಿಕಿರಣ ಕಾಲಮಾಪನವು ತೋರಿಸಿಕೊಟ್ಟಿದೆ. ತನ್ನ ಸುತ್ತ ತಿರುಗುವ ಭೂಮಿಯ ಬಂಡೆಗಿಂತ ಸೂರ್ಯನು ನೂರು ಪಾಲು ಎಳೆಯನಾಗಿರಲು ಸಾಧ್ಯವಿಲ್ಲ. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ ಎಂದು ಈಗ ನಮಗೆ ಗೊತ್ತಿದೆ. ಇಷ್ಟು ದೀರ್ಘ ಕಾಲ ಒಂದೇ ಸಮನೆ ಬೆಳಗಬಲ್ಲ ಇಂಧನ ಯಾವುದು ಎಂಬುದೇ ನಿಜವಾದ ಪ್ರಶ್ನೆ.

ಉತ್ತರದ ಮೊದಲ ಎಳೆ ಸಿಕ್ಕಿದ್ದು ತೂಕದಲ್ಲಿ. ನಾಲ್ಕು ಹೈಡ್ರೋಜನ್ ಪರಮಾಣುಗಳ ಒಟ್ಟು ದ್ರವ್ಯರಾಶಿಗಿಂತ ಒಂದು ಹೀಲಿಯಂ ಪರಮಾಣುವಿನ ದ್ರವ್ಯರಾಶಿ ಶೇ 0.7ರಷ್ಟು ಕಡಿಮೆ ಎಂಬುದನ್ನು ಆಸ್ಟನ್ ಅವರ ಸೂಕ್ಷ್ಮ ಮಾಪನಗಳು ತೋರಿಸಿದವು. ಕಾಣೆಯಾದ ಆ ಅಲ್ಪ ಅಂಶವೇ ಐನ್‌ಸ್ಟೈನರ ಸಮೀಕರಣದಂತೆ ಶಕ್ತಿಯಾಗಿ ಹೊರಬರುತ್ತಿರಬಹುದೆಂದು ಆರ್ಥರ್ ಎಡಿಂಗ್ಟನ್ 1920ರಲ್ಲಿ ಕಾರ್ಡಿಫ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಸೂಚಿಸಿದರು. ಒಂದು ಕಿಲೋಗ್ರಾಂ ಹೈಡ್ರೋಜನ್ ಹೀಲಿಯಂ ಆಗಿ ಮಾರ್ಪಟ್ಟರೆ ಕಳೆದುಹೋಗುವುದು ಏಳು ಗ್ರಾಂ ಮಾತ್ರ. ಆದರೆ ಆ ಏಳು ಗ್ರಾಂ ಶಕ್ತಿಯಾದಾಗ ದೊರೆಯುವುದು ಸುಮಾರು 17.5 ಕೋಟಿ ಯೂನಿಟ್. ಅದೇ ವರ್ಷ ಮೇಘನಾದ ಸಹಾ ಪ್ರಕಟಿಸಿದ ಅಯಾನೀಕರಣ ಸಮೀಕರಣವನ್ನು ಬಳಸಿಕೊಂಡು, ನಕ್ಷತ್ರಗಳು ಬಹುಪಾಲು ಹೈಡ್ರೋಜನ್ನಿನಿಂದಲೇ ಆಗಿವೆ ಎಂದು ಸೆಸಿಲಿಯಾ ಪೇಯ್ನ್ 1925ರಲ್ಲಿ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಅಂದಿನ ಹಿರಿಯರು ಅದನ್ನು ಒಪ್ಪಲು ಹಿಂಜರಿದರೂ ಕೆಲವೇ ವರ್ಷಗಳಲ್ಲಿ ಒಪ್ಪಿಕೊಂಡರು. ಇಂಧನವೂ ಇದೆ, ಲೆಕ್ಕವೂ ಹೊಂದುತ್ತದೆ ಎಂದಾಯಿತು.

ಆದರೂ ಒಂದು ಅಡ್ಡಿ ಉಳಿದೇ ಇತ್ತು. ಹೈಡ್ರೋಜನ್ನಿನ ಬೀಜಕಣವೇ ಪ್ರೋಟಾನ್. ಎರಡು ಪ್ರೋಟಾನುಗಳಿಗೂ ಧನ ವಿದ್ಯುದಂಶವಿರುವುದರಿಂದ ಅವು ಪರಸ್ಪರ ವಿಕರ್ಷಿಸುತ್ತವೆ. ಅವನ್ನು ಬೈಜಿಕ ಬಲ ಹಿಡಿದುಕೊಳ್ಳುವಷ್ಟು ಸಮೀಪಕ್ಕೆ ತರಲು ಬೇಕಾದ ಶಕ್ತಿಗೆ ಹೋಲಿಸಿದರೆ, ಒಂದೂವರೆ ಕೋಟಿ ಡಿಗ್ರಿ ಉಷ್ಣತೆಯ ಸೂರ್ಯಗರ್ಭದಲ್ಲಿರುವ ಪ್ರೋಟಾನಿನ ಸರಾಸರಿ ಶಕ್ತಿ ನೂರಾರು ಪಟ್ಟು ಕಡಿಮೆ. ಹಳೆಯ ಭೌತಶಾಸ್ತ್ರದ ನಿಯಮಗಳ ಪ್ರಕಾರ ಸೂರ್ಯ ಬೆಳಗುವಂತೆಯೇ ಇಲ್ಲ. ಬಿಕ್ಕಟ್ಟನ್ನು ಬಿಡಿಸಿದ್ದು ಕ್ವಾಂಟಂ ಸಿದ್ಧಾಂತ. ಕಣವೊಂದು ಏರಲಾಗದ ತಡೆಯನ್ನು ಅತ್ಯಲ್ಪ ಸಂಭವನೀಯತೆಯಿಂದ ತೂರಿಕೊಂಡು ಹೋಗಬಲ್ಲದು ಎಂದು ಗ್ಯಾಮೊ 1928ರಲ್ಲಿ ವಿವರಿಸಿದ್ದರು. ಮರುವರ್ಷವೇ ಅಟ್ಕಿನ್ಸನ್ ಮತ್ತು ಹೌಟರ್‌ಮನ್ಸ್ ಅದನ್ನು ನಕ್ಷತ್ರಗಳಿಗೆ ಅನ್ವಯಿಸಿದರು, ಹತ್ತು ವರ್ಷಗಳೊಳಗೆ ಹಾನ್ಸ್ ಬೆಥೆ ಕ್ರಿಯೆಗಳ ಸರಪಣಿಯನ್ನು ಪೂರ್ಣವಾಗಿ ಬಿಡಿಸಿಟ್ಟರು. ಬೆಥೆಯವರಿಗೆ 1967ರ ನೊಬೆಲ್ ಪ್ರಶಸ್ತಿ ಸಂದದ್ದು ಮುಖ್ಯವಾಗಿ ಈ ಕೆಲಸಕ್ಕೆ.

ಆ ಸರಪಣಿಯ ಮೊದಲ ಕೊಂಡಿಯಲ್ಲೇ ಈ ಲೇಖನದ ತಿರುಳಿದೆ. ಎರಡು ಪ್ರೋಟಾನುಗಳು ಸೇರಿದರೆ ಸಾಲದು, ಏಕೆಂದರೆ ಎರಡೇ ಪ್ರೋಟಾನುಗಳಿರುವ ಬೀಜಕಣಕ್ಕೆ ಉಳಿವಿಲ್ಲ. ಅವು ಒಟ್ಟಿಗಿರುವ ಆ ಕ್ಷಣಮಾತ್ರದಲ್ಲೇ ಒಂದು ಪ್ರೋಟಾನ್ ನ್ಯೂಟ್ರಾನಾಗಿ ಬದಲಾಗಬೇಕು, ಆಗ ಒಂದು ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಮತ್ತು ಒಂದು ನ್ಯೂಟ್ರಿನೊ (ಯಾವುದಕ್ಕೂ ಬಹುಮಟ್ಟಿಗೆ ತಾಗದೆ ಹೋಗುವ ಸೂಕ್ಷ್ಮ ಕಣ) ಹೊರಬಿದ್ದು, ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿದ ಡ್ಯೂಟೀರಿಯಂ ಉಳಿಯುತ್ತದೆ. ಈ ಬದಲಾವಣೆಯನ್ನು ಮಾಡಿಸುವುದು ದುರ್ಬಲ ಬಲ, ಅದು ತನ್ನ ಹೆಸರಿಗೆ ತಕ್ಕಂತೆ ತೀರ ಅಪರೂಪಕ್ಕೆ ಕೆಲಸ ಮಾಡುತ್ತದೆ. ಸೂರ್ಯಗರ್ಭದ ಒಂದು ಪ್ರೋಟಾನಿಗೆ ಈ ಅವಕಾಶ ಒದಗಲು ಸರಾಸರಿ ಒಂಬತ್ತು ನೂರು, ಸಾವಿರ ಕೋಟಿ ವರ್ಷಗಳು ಬೇಕು. ಮುಂದಿನ ಹೆಜ್ಜೆಯಲ್ಲಿ ಡ್ಯೂಟೀರಿಯಂ ಇನ್ನೊಂದು ಪ್ರೋಟಾನನ್ನು ಸೇರಿಸಿಕೊಂಡು ಹೀಲಿಯಂ-3 ಆಗಲು ಕೆಲವೇ ಸೆಕೆಂಡುಗಳು ಸಾಕು. ಅಂಥ ಎರಡು ಹೀಲಿಯಂ-3 ಬೀಜಕಣಗಳು ಕೂಡಿ ಸಾಮಾನ್ಯ ಹೀಲಿಯಂ ಆಗಿ, ಎರಡು ಪ್ರೋಟಾನುಗಳನ್ನು ಮರಳಿ ಬಿಡಲು ಲಕ್ಷಾಂತರ ವರ್ಷ ಹಿಡಿಯುತ್ತದೆ. ಇಡೀ ಸರಪಣಿಯ ವೇಗವನ್ನು ನಿರ್ಧರಿಸುವುದು ಆ ಮೊದಲ, ಅತಿ ನಿಧಾನದ ಕೊಂಡಿಯೇ. ಅದು ನಿಧಾನವಾಗಿರುವುದರಿಂದಲೇ ಸೂರ್ಯ ಇನ್ನೂ ಇದ್ದಾನೆ, ಭೂಮಿಯ ಮೇಲೆ ಜೀವ ವಿಕಾಸವಾಗುವಷ್ಟು ಕಾಲ ದೊರೆಯಿತು.

ನಿಧಾನ ಎಂದರೆ ಎಷ್ಟು ನಿಧಾನ? ಸೂರ್ಯನ ಕೇಂದ್ರದ ಒಂದು ಘನ ಮೀಟರ್ ಜಾಗದಲ್ಲಿ ಉತ್ಪತ್ತಿಯಾಗುವ ಶಕ್ತಿ ಸುಮಾರು 270 ವ್ಯಾಟ್ ಮಾತ್ರ. ನಮ್ಮ ಹಳ್ಳಿಗಳ ತಿಪ್ಪೆಗುಂಡಿಯಲ್ಲಿ ಕೊಳೆಯುವ ಗೊಬ್ಬರದ ರಾಶಿ ಒಳಗೊಳಗೇ ಬಿಸಿಯಾಗುವ ಪ್ರಮಾಣವೂ ಹೆಚ್ಚು ಕಡಿಮೆ ಇದೇ ಅಂದಾಜಿನದು. ಸೂರ್ಯ ಪ್ರಖರನಾಗಿರುವುದು ಅವನ ಗಾತ್ರದಿಂದ. ಭೂಮಿಗಿಂತ ಮೂರು ಲಕ್ಷ ಪಟ್ಟಿಗೂ ಹೆಚ್ಚು ದ್ರವ್ಯರಾಶಿಯ ಆ ಗೋಳದ ಗರ್ಭದಲ್ಲಿ, ಅಷ್ಟು ನಿಧಾನದ ಕ್ರಿಯೆ ಅಷ್ಟು ವಿಶಾಲವಾದ ಜಾಗದಲ್ಲಿ ನಡೆಯುವುದರಿಂದ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತದೆ, ನಲವತ್ತು ಲಕ್ಷ ಟನ್ನಿಗೂ ಹೆಚ್ಚು ದ್ರವ್ಯ ಶಕ್ತಿಯಾಗಿ ಹೊರಡುತ್ತದೆ.

ಇಷ್ಟು ಇಂಧನವಿದ್ದೂ ಸೂರ್ಯ ಒಮ್ಮೆಲೇ ಏಕೆ ಸ್ಫೋಟಿಸುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು, ಅದು ಒಳ್ಳೆಯ ಪ್ರಶ್ನೆ. ಗರ್ಭದಲ್ಲಿ ಸಮ್ಮಿಲನ ಸ್ವಲ್ಪ ಹೆಚ್ಚಾಯಿತೆಂದರೆ ಒತ್ತಡ ಹೆಚ್ಚಿ ಗರ್ಭ ಹಿಗ್ಗುತ್ತದೆ. ಹಿಗ್ಗಿದೊಡನೆ ತಣಿಯುತ್ತದೆ, ತಣಿದೊಡನೆ ಕ್ರಿಯೆಯ ವೇಗ ಇಳಿಯುತ್ತದೆ. ವೇಗ ತಗ್ಗಿದರೆ ಗುರುತ್ವ ಮೇಲುಗೈ ಪಡೆದು ಗರ್ಭವನ್ನು ಅದುಮಿ ಮತ್ತೆ ಬಿಸಿ ಮಾಡುತ್ತದೆ. ಹೊರಗಿನ ಯಾವ ನಿಯಂತ್ರಣವೂ ಇಲ್ಲದೆ ಈ ಸಮತೋಲನ ಕೋಟ್ಯಂತರ ವರ್ಷ ನಡೆದುಬಂದಿದೆ. ಹೈಡ್ರೋಜನ್ ಬಾಂಬಿನಲ್ಲಿ ಹೀಗೆ ಅದುಮಿಡುವ ಭಾರವಿಲ್ಲ, ಅಲ್ಲಿನ ಇಂಧನವೂ ದುರ್ಬಲ ಬಲಕ್ಕೆ ಕಾಯಬೇಕಾದದ್ದಲ್ಲ. ನೆಲದಡಿಯಲ್ಲಿ ನಡೆಯುವ ಅಣ್ವಸ್ತ್ರ ಪರೀಕ್ಷೆಗಳ ಕಂಪನವನ್ನು ಗುರುತಿಸುವುದಕ್ಕೆಂದೇ 1960ರ ದಶಕದಲ್ಲಿ ಗೌರಿಬಿದನೂರಿನ ಬಳಿ ಭೂಕಂಪಮಾಪಕಗಳ ಸಾಲನ್ನು ಸ್ಥಾಪಿಸಲಾಯಿತು, ಭಾಭಾ ಅಣು ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತಿದೆ. ನಕ್ಷತ್ರಗಳ ಶಕ್ತಿಯನ್ನು ಮನುಷ್ಯರು ಮೊದಲು ಬಳಸಿಕೊಂಡದ್ದು ಆಯುಧವಾಗಿ ಎಂಬ ನೋವಿನ ಸಂಗತಿಯನ್ನು ಮರೆಯುವಂತಿಲ್ಲ.

ಅದೇ ಗೌರಿಬಿದನೂರಿನಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ರೇಡಿಯೊ ವೀಕ್ಷಣಾಲಯವಿದೆ. ಅಲ್ಲಿನ ರೇಡಿಯೊಹೀಲಿಯೊಗ್ರಾಫ್ 1997ರಿಂದ ಸೂರ್ಯನ ಹೊರಪ್ರಭಾವಲಯವಾದ ಕರೋನಾದಿಂದ ಬರುವ ರೇಡಿಯೊ ಅಲೆಗಳನ್ನು ಗಮನಿಸುತ್ತಿದೆ. ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಯನ್ನು ಮೀರುತ್ತದೆ, ಆದರೂ ಅಲ್ಲಿನ ದ್ರವ್ಯ ಅತ್ಯಂತ ತೆಳುವಾಗಿರುವುದರಿಂದ ಕಣಗಳು ಪರಸ್ಪರ ಎದುರಾಗುವುದೇ ಅಪರೂಪ. ಕೇಂದ್ರದ ಸಾಂದ್ರತೆಯಾದರೋ ನೀರಿನ 150 ಪಟ್ಟು. ಬೈಜಿಕ ಸಮ್ಮಿಲನಕ್ಕೆ ಉಷ್ಣತೆ, ಸಾಂದ್ರತೆ, ಅವೆರಡೂ ಚದುರದೆ ನಿಲ್ಲುವ ಕಾಲ ಇವು ಮೂರೂ ಕೂಡಿ ಬರಬೇಕು. ‘ಇಷ್ಟು ಕೋಟಿ ಡಿಗ್ರಿ ಮುಟ್ಟಿತು’ ಎಂಬ ಸುದ್ದಿಯನ್ನು ಓದುವಾಗ ಉಳಿದೆರಡನ್ನು ವಿಚಾರಿಸದಿದ್ದರೆ ಅರ್ಧವೂ ತಿಳಿದಂತಾಗುವುದಿಲ್ಲ.

ಗೌರಿಬಿದನೂರಿನ ಆಂಟೆನಾಗಳಾಗಲಿ ಯಾವುದೇ ದೂರದರ್ಶಕವಾಗಲಿ ಸೂರ್ಯನ ಗರ್ಭವನ್ನು ನೋಡಲಾರವು. ಅಲ್ಲಿ ಹುಟ್ಟಿದ ಬೆಳಕು ದಟ್ಟ ದ್ರವ್ಯದಲ್ಲಿ ಕಣದಿಂದ ಕಣಕ್ಕೆ ಚದುರುತ್ತಾ ಮೇಲ್ಮೈಗೆ ಬರುವಷ್ಟರಲ್ಲಿ ಸಾವಿರಾರು ವರ್ಷಗಳೇ ಕಳೆದಿರುತ್ತವೆ, ಹುಟ್ಟಿದಾಗಿನ ಗುರುತೂ ಅಳಿಸಿಹೋಗಿರುತ್ತದೆ. ಒಳಗಿನ ಸುದ್ದಿಯನ್ನು ನೇರವಾಗಿ ಹೊತ್ತು ತರುವುದು ನ್ಯೂಟ್ರಿನೊ ಮಾತ್ರ. ಅದು ಸೂರ್ಯನನ್ನು ಎರಡು ಸೆಕೆಂಡುಗಳಲ್ಲಿ ದಾಟಿ, ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ಬಂದು, ಭೂಮಿಯನ್ನೂ ಹಾಯ್ದು ಹೋಗುತ್ತದೆ. ನಮ್ಮ ದೇಹದ ಒಂದೊಂದು ಚದರ ಸೆಂಟಿಮೀಟರಿನ ಮೂಲಕವೂ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಸೌರ ನ್ಯೂಟ್ರಿನೊಗಳು ಹಗಲು ರಾತ್ರಿಯೆನ್ನದೆ ಹಾದುಹೋಗುತ್ತಿವೆ.

ಇಂಥ ಕಣವನ್ನು ಹಿಡಿಯಬೇಕಾದರೆ ಬಾಹ್ಯಾಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲ ತಲುಪದ ಆಳಕ್ಕೆ ಇಳಿಯಬೇಕು, ಇಲ್ಲೇ ಕೋಲಾರ ಚಿನ್ನದ ಗಣಿ ವಿಜ್ಞಾನದ ಇತಿಹಾಸದೊಳಗೆ ಬರುತ್ತದೆ. ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಈ ಗಣಿಗಳ ಬೇರೆ ಬೇರೆ ಆಳಗಳಲ್ಲಿ, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಅಳೆದಿದ್ದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೊತೆಗೂಡಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ಬಗೆಯ ಕುರುಹು ದೊರೆಯಿತು. ಪ್ರಪಂಚದ ಅತಿ ಮೊದಲ ದಾಖಲೆಗಳು ಇವು. ಇಲ್ಲೊಂದು ಸ್ಪಷ್ಟನೆ ಅಗತ್ಯ: ಕೋಲಾರದಲ್ಲಿ ಸಿಕ್ಕಿದ್ದು ಸೂರ್ಯನ ನ್ಯೂಟ್ರಿನೊಗಳಲ್ಲ. ಸೂರ್ಯನಿಂದ ಬರುವವುಗಳ ಶಕ್ತಿ ತೀರ ಕಡಿಮೆ, ಅವುಗಳಿಗೆ ಬೇರೆಯದೇ ಉಪಕರಣ ಬೇಕು. ಆದರೆ ಆಳದ ಗಣಿಯನ್ನು ಪ್ರಯೋಗಾಲಯವಾಗಿಸುವ ವಿದ್ಯೆಯನ್ನು ಜಗತ್ತು ಕಲಿತ ಜಾಗಗಳಲ್ಲಿ ಕೋಲಾರವೂ ಒಂದು. ಅಲ್ಲಿ ಉಪಕರಣಗಳನ್ನು ಇಳಿಸಿ, ಬಿಸಿಲೇ ಕಾಣದ ಸುರಂಗಗಳಲ್ಲಿ ವಿಜ್ಞಾನಿಗಳೊಂದಿಗೆ ದುಡಿದ ಗಣಿಕಾರ್ಮಿಕರ ಪಾಲನ್ನೂ ನಾವು ಗೌರವದಿಂದ ನೆನೆಯಬೇಕು.

ಸೂರ್ಯನ ನ್ಯೂಟ್ರಿನೊಗಳನ್ನು ಹಿಡಿದದ್ದು ಅಮೆರಿಕದ ಹೋಮ್‌ಸ್ಟೇಕ್ ಎಂಬ ಇನ್ನೊಂದು ಚಿನ್ನದ ಗಣಿಯಲ್ಲಿ. ರೇ ಡೇವಿಸ್ ಅಲ್ಲಿ ಸುಮಾರು 600 ಟನ್ ಕ್ಲೋರಿನ್‌ಯುಕ್ತ ದ್ರವವನ್ನು ತೊಟ್ಟಿಯಲ್ಲಿ ತುಂಬಿಟ್ಟು ದಶಕಗಳ ಕಾಲ ಎಣಿಸಿದರು. ಲೆಕ್ಕ ಹೇಳಿದ್ದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಅವರಿಗೆ ದೊರೆಯಿತು. ಡೇವಿಸರ ಪ್ರಯೋಗ ತಪ್ಪೋ, ಸೂರ್ಯನ ಸಿದ್ಧಾಂತ ತಪ್ಪೋ ಎಂದು ಮೂವತ್ತು ವರ್ಷ ವಾದ ನಡೆಯಿತು. ಕೊನೆಗೆ ಕೆನಡಾದ ಸಡ್‌ಬರಿ ಗಣಿಯಲ್ಲಿ ಸಾವಿರ ಟನ್ ಭಾರಜಲವಿಟ್ಟು ನಡೆಸಿದ ಪ್ರಯೋಗವು 2001-02ರಲ್ಲಿ ತೋರಿಸಿದಂತೆ, ಡೇವಿಸರ ಎಣಿಕೆಯೂ ಸೂರ್ಯನ ಸಿದ್ಧಾಂತವೂ ಸರಿಯಾಗಿದ್ದವು. ನ್ಯೂಟ್ರಿನೊಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸಿಕೊಳ್ಳುತ್ತಿದ್ದವು. 2014ರಲ್ಲಿ ಇಟಲಿಯ ಬೊರೆಕ್ಸಿನೊ ಪ್ರಯೋಗವು ಸರಪಣಿಯ ಆ ಮೊದಲ ಕೊಂಡಿಯಿಂದಲೇ ಹೊರಟ ನ್ಯೂಟ್ರಿನೊಗಳನ್ನು ನೇರವಾಗಿ ಅಳೆಯಿತು. ಎಂಟು ನಿಮಿಷ ಹಿಂದೆ ಗರ್ಭದಲ್ಲಿ ಹುಟ್ಟಿದ ಶಕ್ತಿಗೂ, ಸಾವಿರಾರು ವರ್ಷಗಳ ಹಿಂದೆ ಹುಟ್ಟಿ ಇಂದು ನಮಗೆ ಬೆಳಕಾಗಿ ಕಾಣುತ್ತಿರುವ ಶಕ್ತಿಗೂ ಮಾಪನದ ಮಿತಿಯೊಳಗೆ ವ್ಯತ್ಯಾಸವಿರಲಿಲ್ಲ. ಎಡಿಂಗ್ಟನ್ ಊಹಿಸಿದ್ದು ಸುಮಾರು ತೊಂಬತ್ತೈದು ವರ್ಷಗಳ ನಂತರ ಹೀಗೆ ನೇರ ಸಾಕ್ಷ್ಯದಿಂದ ದೃಢಪಟ್ಟಿತು. ನನ್ನ ಮಟ್ಟಿಗೆ ಇಪ್ಪತ್ತೊಂದನೆಯ ಶತಮಾನದ ಭೌತವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ ಹೊಂದಾಣಿಕೆ ಮತ್ತೊಂದಿಲ್ಲ. ಕೋಲಾರದ ಗಣಿಗಳನ್ನು 2001ರಲ್ಲಿ ಮುಚ್ಚಲಾಯಿತು, ತಮಿಳುನಾಡಿನ ತೇನಿಯಲ್ಲಿ ಕಟ್ಟಬೇಕೆಂದಿದ್ದ ಭಾರತದ ನ್ಯೂಟ್ರಿನೊ ವೀಕ್ಷಣಾಲಯ ಮೇಲೇಳಲಿಲ್ಲ. ಈ ಕ್ಷೇತ್ರದಲ್ಲಿ ಇಷ್ಟು ಮೊದಲೇ ಹೆಜ್ಜೆ ಇಟ್ಟ ದೇಶ ಹಿಂದೆ ಬಿದ್ದದ್ದು ವಿಷಾದದ ಸಂಗತಿ.

ಕೋಲಾರದ ಚಿನ್ನಕ್ಕೂ ಈ ವಿಷಯಕ್ಕೂ ಇನ್ನೊಂದು ನಂಟಿದೆ. ಸೂರ್ಯನಿಗಿಂತ ಹತ್ತಾರು ಪಟ್ಟು ಭಾರವಾದ ನಕ್ಷತ್ರಗಳು ತಮ್ಮ ಹೈಡ್ರೋಜನ್ನನ್ನು ಹತ್ತಾರು ಲಕ್ಷ ಅಥವಾ ಕೆಲವೇ ಕೋಟಿ ವರ್ಷಗಳಲ್ಲಿ ಮುಗಿಸಿ, ಹೀಲಿಯಂನಿಂದ ಇಂಗಾಲ, ಆಮ್ಲಜನಕ ಎಂದು ಮುಂದುವರಿದು ಕಬ್ಬಿಣದ ಆಸುಪಾಸಿನ ಧಾತುಗಳವರೆಗೆ ಬರುತ್ತವೆ. ಕಬ್ಬಿಣದಾಚೆಗೆ ಸಮ್ಮಿಲನದಿಂದ ಶಕ್ತಿ ದೊರೆಯುವುದಿಲ್ಲ, ಬದಲಿಗೆ ಶಕ್ತಿಯನ್ನು ತೆರಬೇಕಾಗುತ್ತದೆ. ಹಾಗಾಗಿ ಚಿನ್ನವು ನಕ್ಷತ್ರಗಳ ಎಂದಿನ ಉರಿಯಲ್ಲಿ ತಯಾರಾಗುವುದಿಲ್ಲ, ಬೀಜಕಣಗಳ ಮೇಲೆ ನ್ಯೂಟ್ರಾನುಗಳ ಮಳೆ ಸುರಿಯುವ ವಿಪರೀತ ಘಟನೆಗಳಲ್ಲಿ ತಯಾರಾಗುತ್ತದೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದದ್ದನ್ನು ಗುರುತ್ವ ಅಲೆಗಳ ಮೂಲಕವೂ ಬೆಳಕಿನ ಮೂಲಕವೂ ಕಂಡಾಗ, ಅಂಥ ಭಾರಧಾತುಗಳು ಅಪಾರವಾಗಿ ಹುಟ್ಟುವ ಒಂದು ಮುಖ್ಯ ಮೂಲ ಸಿಕ್ಕಂತಾಯಿತು. ಕೋಲಾರದ ಚಾಂಪಿಯನ್ ರೀಫ್ ಗಣಿಯ ಆಳದಿಂದ ತೆಗೆದ ಚಿನ್ನ ಸೂರ್ಯ ಹುಟ್ಟುವುದಕ್ಕೂ ಮೊದಲಿನದು.

ಈಗ ಭೂಮಿಯ ಯಂತ್ರಗಳಿಗೆ ಬರೋಣ. ಸೂರ್ಯನ ಮೊದಲ ಕೊಂಡಿಯನ್ನು ಯಾವ ಯಂತ್ರವೂ ಅನುಕರಿಸುತ್ತಿಲ್ಲ, ಅನುಕರಿಸುವುದೂ ಸಾಧ್ಯವಿಲ್ಲ, ಏಕೆಂದರೆ ಅಷ್ಟು ನಿಧಾನದ ಕ್ರಿಯೆಯಿಂದ ಒಂದು ದೀಪ ಉರಿಸಲೂ ಬೃಹತ್ ಸ್ಥಾವರ ಬೇಕಾದೀತು. ವಿಜ್ಞಾನಿಗಳು ಆರಿಸಿಕೊಂಡಿರುವುದು ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಇವುಗಳಲ್ಲಿ ನ್ಯೂಟ್ರಾನುಗಳು ಮೊದಲೇ ಇರುವುದರಿಂದ ದುರ್ಬಲ ಬಲಕ್ಕೆ ಕಾಯುವ ಅಗತ್ಯವಿಲ್ಲ, ಕ್ರಿಯೆ ಊಹಾತೀತ ವೇಗದಲ್ಲಿ ನಡೆಯುತ್ತದೆ. ಆದರೆ ಅದುಮಿಡಲು ಸೂರ್ಯನ ಭಾರ ಇಲ್ಲಿಲ್ಲ. ಕಾಂತಕ್ಷೇತ್ರವೊಂದೇ ಆಸರೆಯಾದ್ದರಿಂದ ಪ್ಲಾಸ್ಮಾ ಗಾಳಿಗಿಂತ ಎರಡು ಲಕ್ಷ ಪಟ್ಟು ತೆಳುವಾಗಿರುತ್ತದೆ, ಆ ಕೊರತೆಯನ್ನು ಉಷ್ಣತೆಯಿಂದ ತುಂಬಬೇಕು. ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ‘ಇಟರ್’ ಯಂತ್ರದ ಗುರಿ 15 ಕೋಟಿ ಡಿಗ್ರಿ, ಅಂದರೆ ಸೂರ್ಯಗರ್ಭದ ಹತ್ತು ಪಟ್ಟು. ಅದರ ಸುಮಾರು 840 ಘನ ಮೀಟರ್ ಪ್ಲಾಸ್ಮಾದಿಂದ 500 ಮೆಗಾವ್ಯಾಟ್ ಹುಟ್ಟಬೇಕು. ಒಂದೊಂದು ಘನ ಮೀಟರಿಗೆ ಲೆಕ್ಕ ಹಾಕಿದರೆ ಸೂರ್ಯನ ಕೇಂದ್ರಕ್ಕಿಂತ ಎರಡು ಸಾವಿರ ಪಟ್ಟಿಗೂ ಹೆಚ್ಚು ಶಕ್ತಿ. ಸೂರ್ಯನನ್ನು ಈ ಮಾನದಲ್ಲಿ ಸಾವಿರಾರು ಪಟ್ಟು ಮೀರಿಸಿದರೆ ಮಾತ್ರ ನಮಗೆ ಉಪಯೋಗ.

ಹೀಗಿರುವಾಗ ಸುದ್ದಿಗಳಲ್ಲಿ ಬರುವ ದಾಖಲೆಗಳನ್ನು ಒಂದೊಂದಾಗಿ ತೂಗಿ ನೋಡಬೇಕು. ಈಸ್ಟ್ ಮತ್ತು ವೆಸ್ಟ್ ತೋರಿಸಿದ್ದು ಪ್ಲಾಸ್ಮಾವನ್ನು ದೀರ್ಘಕಾಲ ಹಿಡಿದಿಡುವ ಕೌಶಲವನ್ನು. ಅವುಗಳಲ್ಲಿ ಟ್ರಿಟಿಯಂ ಇರಲಿಲ್ಲ, ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಪಡೆಯುವ ಉದ್ದೇಶವೂ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಪ್ರಜ್ವಲನ ಕೇಂದ್ರದಲ್ಲಿ 2022ರ ಡಿಸೆಂಬರ್ 5ರಂದು ಸಮ್ಮಿಲನದ ಇಂಧನವಿದ್ದ ಸಣ್ಣ ಗುಳಿಗೆಯ ಮೇಲೆ ಬಿದ್ದ ಲೇಸರ್ ಶಕ್ತಿ 2.05 ಮೆಗಾಜೂಲ್, ಹೊರಬಂದದ್ದು 3.15 ಮೆಗಾಜೂಲ್. ನಿಜಕ್ಕೂ ಐತಿಹಾಸಿಕ ಸಾಧನೆ. ಆದರೆ ಆ ಲೇಸರುಗಳನ್ನು ನಡೆಸಲು ವಿದ್ಯುತ್ ಜಾಲದಿಂದ ಪಡೆದದ್ದು ಸುಮಾರು 300 ಮೆಗಾಜೂಲ್. ಇಂಗ್ಲೆಂಡಿನ ‘ಜೆಟ್’ ಯಂತ್ರ 2023ರಲ್ಲಿ ಐದು ಸೆಕೆಂಡುಗಳಲ್ಲಿ 69 ಮೆಗಾಜೂಲ್ ನೀಡಿತು, ಅಂದರೆ ಯೂನಿಟ್ಟಿನ ಲೆಕ್ಕದಲ್ಲಿ ಇಪ್ಪತ್ತು ಕೂಡ ಇಲ್ಲ. ಇಂಧನದ ಪ್ರಶ್ನೆಯೂ ಸುಲಭದ್ದಲ್ಲ. ಟ್ರಿಟಿಯಂನ ಅರ್ಧಾಯು ಹನ್ನೆರಡು ವರ್ಷ ಚಿಲ್ಲರೆಯಾದ್ದರಿಂದ ಅದು ಪ್ರಕೃತಿಯಲ್ಲಿ ನಗಣ್ಯವಾಗಿದೆ, ಸ್ಥಾವರದೊಳಗೇ ಲಿಥಿಯಂನಿಂದ ತಯಾರಿಸಿಕೊಳ್ಳಬೇಕು. ಆ ಕೆಲಸ ವಾಣಿಜ್ಯ ಪ್ರಮಾಣದಲ್ಲಿ ಇನ್ನೂ ನಡೆದಿಲ್ಲ.

ಇದನ್ನು ಹೇಳುತ್ತಿರುವುದು ಸಂಶೋಧನೆಯನ್ನು ಅಲ್ಲಗಳೆಯುವುದಕ್ಕಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ‘ಆದಿತ್ಯ’ ಟೋಕಮಾಕ್ 1989ರಿಂದಲೇ ಇದೆ. ಇಟರ್ ಯಂತ್ರವನ್ನು ಹೊತ್ತಿರುವ ಬೃಹತ್ ಕ್ರಯೊಸ್ಟ್ಯಾಟ್ (ಒಳಗಿನ ಭಾಗಗಳನ್ನು ಅತಿ ತಣ್ಣಗಿಡಲು ನೆರವಾಗುವ ನಿರ್ವಾತ ಪಾತ್ರೆ) ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ಈ ವಿದ್ಯೆಯಲ್ಲಿ ಭಾರತ ಪಾಲು ಪಡೆದಿರುವುದು ಅಗತ್ಯವೆಂದೇ ನಾನು ಬಲವಾಗಿ ನಂಬಿದ್ದೇನೆ. ಆದರೆ 2024ರಲ್ಲಿ ಪರಿಷ್ಕರಿಸಿದ ವೇಳಾಪಟ್ಟಿಯಂತೆ ಇಟರ್ ತನ್ನ ಸಂಶೋಧನಾ ಕಾರ್ಯ ಆರಂಭಿಸುವುದು 2034ರಲ್ಲಿ, ಡ್ಯೂಟೀರಿಯಂ ಮತ್ತು ಟ್ರಿಟಿಯಂ ಹಾಕಿ ನಡೆಸುವುದು 2039ರಲ್ಲಿ. ಅದು ಕೂಡ ಪ್ರಯೋಗವೇ, ವಿದ್ಯುತ್ ಸ್ಥಾವರವಲ್ಲ. ಬಯಲುಸೀಮೆಯ ಪಂಪ್‌ಸೆಟ್ಟುಗಳಿಗೆ ಮುಂದಿನ ಹದಿನೈದು ವರ್ಷ ಎಲ್ಲಿಂದ ವಿದ್ಯುತ್ ಬರಬೇಕೆಂದು ಯೋಜಿಸುವವರು ಈ ಯಂತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಸಮ್ಮಿಲನ ಶಕ್ತಿ ತುಮಕೂರು ಜಿಲ್ಲೆಯ ಪಾವಗಡದಲ್ಲಿದೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕಿಗೆ ರೈತರು ಭೂಮಿಯನ್ನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗೇಣಿಗೆ ಕೊಟ್ಟಿದ್ದಾರೆ. ಭೂಮಿಯೇ ಇಲ್ಲದೆ ಕೂಲಿಯನ್ನು ನೆಚ್ಚಿಕೊಂಡವರಿಗೆ ಆ ಗೇಣಿಯಲ್ಲಿ ಪಾಲಿಲ್ಲ ಎಂಬ ಕೊರತೆ ಹಾಗೆಯೇ ಉಳಿದಿದೆ. ಸೂರ್ಯನ ಆ ಒಂದು ಕಿಲೋಗ್ರಾಂ ಹೈಡ್ರೋಜನ್ ಕೊಡುವಷ್ಟು ಶಕ್ತಿಯನ್ನು ಈ ಪಾರ್ಕ್ ಪೂರ್ಣ ಸಾಮರ್ಥ್ಯದಲ್ಲಿ ನಿರಂತರವಾಗಿ ಓಡಿದರೂ ಉತ್ಪಾದಿಸಲು ಮೂರೂವರೆ ದಿನ ಬೇಕು, ರಾತ್ರಿ ಇರುವುದರಿಂದ ವಾಸ್ತವದಲ್ಲಿ ಅದರ ಹಲವು ಪಟ್ಟು ದಿನಗಳು. ತೊಡಕಿರುವುದು ಆ ರಾತ್ರಿಯಲ್ಲೇ: ಮಧ್ಯಾಹ್ನ ಉಕ್ಕುವ ವಿದ್ಯುತ್ತನ್ನು ಸಂಜೆ ಏಳರ ಬೇಡಿಕೆಗೆ ಉಳಿಸಿಡುವ ಬ್ಯಾಟರಿಗಳು ಮತ್ತು ನೀರನ್ನು ಮೇಲೆತ್ತಿ ಸಂಗ್ರಹಿಸುವ ಜಲವಿದ್ಯುತ್ ಯೋಜನೆಗಳು ಎಲ್ಲಿ, ಯಾರ ಭೂಮಿಯಲ್ಲಿ, ಯಾವ ಕಾಡಿನ ವೆಚ್ಚದಲ್ಲಿ ಬರಬೇಕೆಂಬ ಚರ್ಚೆ ರಾಜ್ಯದಲ್ಲಿ ಈಗ ನಡೆಯುತ್ತಿದೆ, ಮುಂದಿನ ಹತ್ತು ವರ್ಷಗಳ ವಿದ್ಯುತ್ ನೀತಿ ನಿರ್ಧಾರವಾಗುವುದು ಅಲ್ಲಿ.